ಕೊಂಡವಾಡದ ಕದ ಮತ್ತು ಕಡತ

(ಬಾನುಲಿ ಭಾಷಣ)

ಕೊಂಡವಾಡ ಎಂಬ ಮಾತು ಬೆಳಗಾವಿ ಸೀಮೆಯ ಹಳ್ಳಿಗಳಲ್ಲಿ ಬೆಳೆದವರಿಗೆ ಹೊಸದಲ್ಲ. ದಾರಿ ತಪ್ಪಿ ಪರರ ಹೊಲಕ್ಕೆ ನುಗ್ಗಿದ ದನವನ್ನು ಹಿಡಿದು ತಂದು ಕೂಡಿಹಾಕುವ ಸರಕಾರಿ ದೊಡ್ಡಿಗೆ ನಮ್ಮ ಕಡೆಯ ಹೆಸರು ಇದು. ಮರಾಠಿಯಲ್ಲಿ 'ಕೋಂಡಣೆ' ಎಂದರೆ ಕೂಡಿಹಾಕುವುದು. ಅದಕ್ಕೆ 'ವಾಡಾ' ಸೇರಿ ಆದ ಪದ ಯಾರ ಅಪ್ಪಣೆಯನ್ನೂ ಕೇಳದೆ ಗಡಿ ದಾಟಿ ಬಂದು ನಮ್ಮ ಬಾಯಲ್ಲಿ ಕನ್ನಡವೇ ಆಗಿ ನಿಂತಿದೆ. ಇಂದಿನ ಹುಡುಗರಿಗೆ ಈ ಪದ ಗೊತ್ತಿರಲಾರದು. ಹಲವು ಊರುಗಳಲ್ಲಿ ಕೊಂಡವಾಡದ ಗೋಡೆಗಳು ಬಿದ್ದುಹೋಗಿವೆ. ಎಲ್ಲೋ ಒಂದೆರಡು ಕಡೆ ಕಲ್ಲಿನ ಕಂಬವೋ ತುಕ್ಕು ಹಿಡಿದ ಗೇಟೋ ಉಳಿದುಕೊಂಡಿದೆ. ಬಿದ್ದ ಗೋಡೆಗಾಗಿ ಮರುಗುವುದು ಈ ಭಾಷಣದ ಉದ್ದೇಶವಲ್ಲ. ಆ ಗೋಡೆಯ ಹಿಂದೆ ಒಂದು ವಿಚಾರವಿತ್ತು. ಅದು ಇಂದು ನಮಗೆ ಮತ್ತೆ ಬೇಕಾಗಿದೆ. ಅದನ್ನು ಕೇಳುಗರ ಮುಂದಿಡುವುದಷ್ಟೇ ನನ್ನ ಕೆಲಸ.

ಏಕೆ ಬೇಕಾಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಾಣಿಗಳನ್ನು ಹಿಡಿದು ಕೂಡಿಹಾಕುವ ಮಾತು ನಮ್ಮ ದೇಶದಲ್ಲಿ ಮತ್ತೆ ದೊಡ್ಡದಾಗಿ ಕೇಳಿಬಂದಿದೆ. 2025ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯ ದಿಲ್ಲಿ ಮತ್ತು ಅದರ ಸುತ್ತಲಿನ ನಗರಗಳ ಬೀದಿನಾಯಿಗಳನ್ನು ಆಶ್ರಯಕೇಂದ್ರಗಳಿಗೆ ಸಾಗಿಸಬೇಕೆಂದು ಆಜ್ಞಾಪಿಸಿತು. ಅದೇ ತಿಂಗಳ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಆ ಆಜ್ಞೆಯನ್ನು ಸಡಿಲಿಸಿತು. ಸಂತಾನಶಕ್ತಿಹರಣ ಚಿಕಿತ್ಸೆ ಮತ್ತು ಲಸಿಕೆ ಆದ ನಾಯಿಗಳನ್ನು ಹಿಡಿದ ಜಾಗಕ್ಕೇ ಬಿಡಬೇಕು, ಹುಚ್ಚು ಹಿಡಿದವನ್ನೂ ಮೇಲೆರಗುವ ಸ್ವಭಾವದವನ್ನೂ ಮಾತ್ರ ಬಿಡಬಾರದು ಎಂದು ಹೇಳಿ, ವಿಚಾರಣೆಯನ್ನು ಎಲ್ಲ ರಾಜ್ಯಗಳಿಗೂ ವಿಸ್ತರಿಸಿತು. ನವೆಂಬರ್ 7ರಂದು ಇನ್ನೊಂದು ಆದೇಶ ಬಂತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣಗಳ ಆವರಣದಲ್ಲಿರುವ ನಾಯಿಗಳನ್ನು ಆಶ್ರಯಕೇಂದ್ರಕ್ಕೆ ಸೇರಿಸಬೇಕು, ಮರಳಿ ಅಲ್ಲಿಗೇ ಬಿಡಬಾರದು. ಹೆದ್ದಾರಿಯ ಮೇಲಿನ ಬಿಡಾಡಿ ದನಗಳನ್ನು ಗೋಶಾಲೆ ಮುಂತಾದ ಕಡೆಗೆ ಸಾಗಿಸಬೇಕು ಎಂಬುದು ಅದರ ಸಾರ. ನ್ಯಾಯಾಲಯದ ಮಾತು ಮುಂದೆ ಯಾವ ರೂಪವನ್ನು ತಾಳಿದರೂ ಒಂದು ಸಂಗತಿ ನಿಶ್ಚಿತ. ದಿಲ್ಲಿ, ಬೆಂಗಳೂರುಗಳಷ್ಟೇ ಅಲ್ಲ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡಗಳಂಥ ಊರುಗಳ ಸ್ಥಳೀಯ ಸಂಸ್ಥೆಗಳೂ ಪ್ರಾಣಿಗಳನ್ನು ಇಡುವ ಜಾಗಕ್ಕೆ ಉತ್ತರ ಹೇಳಬೇಕಾದ ಕಾಲ ಬಂದಿದೆ.

ಈ ವಿಷಯದಲ್ಲಿ ನಡೆಯುವ ವಾದಗಳನ್ನು ನಾವೆಲ್ಲ ಕೇಳಿದ್ದೇವೆ. ಮಕ್ಕಳನ್ನು ಕಚ್ಚುವ ನಾಯಿಗಳು ಬೀದಿಯಲ್ಲಿರಬಾರದು ಎನ್ನುವವರು ಒಂದು ಕಡೆ. ಮೂಕಪ್ರಾಣಿಗಳ ಮೇಲೆ ಕ್ರೌರ್ಯ ಸಲ್ಲದು ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಹುಚ್ಚುನಾಯಿ ಕಡಿತದಿಂದ ಬರುವ ರೋಗ ಒಮ್ಮೆ ತಲೆಯೆತ್ತಿತೆಂದರೆ ಬದುಕುವ ಆಸೆ ಬಹುತೇಕ ಇಲ್ಲವೆಂದೇ ತಿಳಿಯಬೇಕು. ಶಾಲೆಗೆ ಹೋಗುವ ಮಗುವಿನ ತಾಯಿಯ ಭಯವನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೆ ಈ ಎರಡು ಪಕ್ಷದವರೂ ಸಾಮಾನ್ಯವಾಗಿ ಕೇಳದೆ ಬಿಡುವ ಪ್ರಶ್ನೆಯೊಂದಿದೆ. ಪ್ರಾಣಿಯನ್ನು ಹಿಡಿದು ಒಳಗೆ ಹಾಕಿ ಕದ ಮುಚ್ಚಿದ ಮೇಲೆ, ಆ ಕದವನ್ನು ತೆರೆಸಿ ನೋಡುವ ಅಧಿಕಾರ ಯಾರಿಗೆ? ಒಳಗೆ ನಡೆದುದರ ಲೆಕ್ಕ ಯಾರ ಕಣ್ಣಿಗೆ ಬೀಳುತ್ತದೆ? ದಯೆ ಬೇಕೆ, ದಂಡ ಬೇಕೆ ಎಂಬುದು ಆಮೇಲಿನ ಮಾತು. ಮೊದಲು ಬೇಕಾದದ್ದು ಲೆಕ್ಕ.

ಈ ಪ್ರಶ್ನೆಗೆ ನಮ್ಮ ಹಳೆಯ ಕೊಂಡವಾಡ ಒಂದು ಉತ್ತರವನ್ನು ಕೊಟ್ಟಿತ್ತು. ಆ ಉತ್ತರ 1871ರ ಜಾನುವಾರು ಅತಿಕ್ರಮಣ ಕಾಯಿದೆಯಲ್ಲಿದೆ. ಚಿಕ್ಕೋಡಿ, ಅಥಣಿ ಪ್ರದೇಶಗಳು ಆಗ ನೇರವಾಗಿ ಇಂಗ್ಲಿಷರ ಆಳ್ವಿಕೆಯಲ್ಲಿದ್ದವು. ನಮ್ಮ ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. 1949ರಲ್ಲಿ ಆ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಮುಂದೆ 1966ರಲ್ಲಿ ರಾಜ್ಯ ತನ್ನದೇ ಆದ ಜಾನುವಾರು ಅತಿಕ್ರಮಣ ಕಾಯಿದೆಯನ್ನು ಮಾಡಿಕೊಂಡಿತು. ಆದರೂ ಮೂಲ ವಿಚಾರವನ್ನು ಅರಿಯಬೇಕಾದರೆ 1871ರ ಕಾಯಿದೆಯನ್ನೇ ನೋಡಬೇಕು.

ಅದನ್ನು ಬರೆದವರಿಗೆ ದನಗಳ ಮೇಲೆ ವಿಶೇಷವಾದ ಪ್ರೀತಿಯೇನೂ ಇರಲಿಲ್ಲ. ಬೆಳೆಯ ರಕ್ಷಣೆ, ರಸ್ತೆಯ ರಕ್ಷಣೆ, ದಂಡದ ವಸೂಲಿ, ಇವೇ ಅವರ ಗುರಿ. ಆದರೆ ಮನುಷ್ಯಸ್ವಭಾವವನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು. ದನವೊಂದು ಕೊಂಡವಾಡಕ್ಕೆ ಬಂದೊಡನೆ ಅಲ್ಲಿಯ ಮೇಲ್ವಿಚಾರಕ ತನ್ನ ಪುಸ್ತಕದಲ್ಲಿ ಅದರ ಲಕ್ಷಣ, ಬಂದ ದಿನ, ಬಂದ ಹೊತ್ತು, ಹಿಡಿದು ತಂದವನ ಹೆಸರು ಮತ್ತು ವಾಸ, ಗೊತ್ತಿದ್ದರೆ ಒಡೆಯನ ಹೆಸರು, ಇಷ್ಟನ್ನೂ ಬರೆಯಬೇಕು; ಬರೆದುದರ ಒಂದು ಪ್ರತಿಯನ್ನು ತಂದವನ ಕೈಗೆ ಕೊಡಬೇಕು. ದಂಡ ಎಷ್ಟು, ಮೇವು ನೀರಿನ ಖರ್ಚು ದಿನಕ್ಕೆ ಎಷ್ಟು ಎಂಬ ಪಟ್ಟಿಯನ್ನು ಕೊಂಡವಾಡದ ಮೇಲೆ ಅಥವಾ ಅದರ ಬಳಿ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ಒಡೆಯ ಬಂದು ದನ ಬಿಡಿಸಿಕೊಂಡು ಹೋಗುವಾಗ ಅದೇ ಪುಸ್ತಕದಲ್ಲಿ ಸಹಿ ಮಾಡಬೇಕು.

ಏಳು ದಿನಗಳಾದರೂ ಯಾರೂ ಬರದಿದ್ದರೆ? ಆಗಲೂ ಗುಟ್ಟಾಗಿ ಏನನ್ನೂ ಮಾಡುವಂತಿಲ್ಲ. ಸುದ್ದಿ ಪೊಲೀಸ್ ಠಾಣೆಗೆ ಹೋಗಬೇಕು. ಅಲ್ಲಿ ಸೂಚನಾಪತ್ರ ಅಂಟಿಸಬೇಕು. ದನ ಸಿಕ್ಕಿದ ಊರಿನಲ್ಲೂ ಹತ್ತಿರದ ಪೇಟೆಯಲ್ಲೂ ಡಂಗುರ ಹೊಡೆಸಬೇಕು. ಮತ್ತೆ ಏಳು ದಿನ ಕಾಯಬೇಕು. ಆಮೇಲೆ ಮಾತ್ರ ಹರಾಜು, ಅದೂ ಬಹಿರಂಗವಾಗಿ. ಹರಾಜಿನ ಹಣದಲ್ಲಿ ದಂಡ, ಖರ್ಚು ಕಳೆದು ಉಳಿದದ್ದಕ್ಕೆ ಒಡೆಯನಿಗೆ ಲೆಕ್ಕ ಒಪ್ಪಿಸಬೇಕು. ಪೊಲೀಸ್ ಅಧಿಕಾರಿಯಾಗಲಿ ಕೊಂಡವಾಡದ ಮೇಲ್ವಿಚಾರಕನಾಗಲಿ ಆ ಹರಾಜಿನಲ್ಲಿ ನೇರವಾಗಿಯೂ ಪರೋಕ್ಷವಾಗಿಯೂ ದನವನ್ನು ಕೊಳ್ಳಕೂಡದು. ಕೂಡಿಹಾಕಿದ ದನಕ್ಕೆ ಸಾಕಷ್ಟು ಮೇವು ನೀರು ಕೊಡದ ಮೇಲ್ವಿಚಾರಕನಿಗೆ 50 ರೂಪಾಯಿಗಳ ವರೆಗೆ ದಂಡ. ಅದನ್ನು ಅವನ ಸಂಬಳದಿಂದಲೇ ಮುರಿದುಕೊಳ್ಳಬಹುದು. ಆ ಕಾಲದಲ್ಲಿ 50 ರೂಪಾಯಿ ಎಂದರೆ ಸಣ್ಣ ಮೊತ್ತವಲ್ಲ.

ಇಡೀ ವ್ಯವಸ್ಥೆ ನಿಂತಿರುವುದು ಒಂದು ಅನುಮಾನದ ಮೇಲೆ. ಕೂಡಿಹಾಕುವ ಅಧಿಕಾರವಿದ್ದವನಿಗೆ ಉಪವಾಸ ಕೆಡಹುವ ಸೋಮಾರಿತನವೂ, ಮೇವಿನ ದುಡ್ಡು ಉಳಿಸಿಕೊಳ್ಳುವ ಆಸೆಯೂ, ಒಳ್ಳೆಯ ಹೋರಿಯನ್ನು ಕಡಿಮೆ ಬೆಲೆಗೆ ಎತ್ತಿಹಾಕುವ ಯೋಚನೆಯೂ ಬರಬಹುದು ಎಂಬ ಅನುಮಾನ ಅದು. ಇದನ್ನು ಅಪನಂಬಿಕೆ ಎಂದು ಯಾರೂ ನೊಂದುಕೊಳ್ಳಬೇಕಾಗಿಲ್ಲ. ನಿಯಮವೆಂಬುದು ಕೆಟ್ಟವನಿಗಾಗಿ ಹುಟ್ಟಿ ಒಳ್ಳೆಯವನನ್ನು ಕಾಯುತ್ತದೆ. ಪುಸ್ತಕ ಸರಿಯಾಗಿರುವ ಮೇಲ್ವಿಚಾರಕನ ಮೇಲೆ ಸುಳ್ಳು ಅಪವಾದ ಹೊರಿಸುವುದು ಯಾರಿಂದಲೂ ಆಗದು.

ಕಾಗದದ ಮೇಲೆ ಇಷ್ಟು ಚೆನ್ನಾಗಿದ್ದುದು ಊರಿನಲ್ಲಿ ಹಾಗೆಯೇ ನಡೆಯುತ್ತಿತ್ತೆಂದು ನಾನು ಹೇಳಲಾರೆ. ನಾನು ಆರನೆಯ ಇಯತ್ತೆಯಲ್ಲಿದ್ದಾಗ ನಮ್ಮ ಓಣಿಯಲ್ಲಿ ಒಬ್ಬ ಮುದುಕಿ ಇದ್ದಳು. ನಾವು ಹುಡುಗರೆಲ್ಲ ಆಕೆಯನ್ನು ಆಯಿ ಎಂದೇ ಕರೆಯುತ್ತಿದ್ದೆವು. ಒಂದೇ ಎಮ್ಮೆಯ ಹಾಲು ಮಾರಿ ಬದುಕುತ್ತಿದ್ದ ಜೀವ. ಆ ಎಮ್ಮೆ ಹಗ್ಗ ಹರಿದುಕೊಂಡು ಹೋಗಿ ಪಕ್ಕದ ಊರಿನ ಕೊಂಡವಾಡ ಸೇರಿತು. ಹುಡುಕಿ ಹುಡುಕಿ ಸುದ್ದಿ ಸಿಕ್ಕಾಗ ಎರಡು ದಿನ ಕಳೆದಿದ್ದವು. ಅಲ್ಲಿ ಕೇಳಿದ್ದು ನಾಲ್ಕು ದಿನದ ಮೇವಿನ ಖರ್ಚು. ಆಕೆಗೆ ಓದು ಬರಹ ಇರಲಿಲ್ಲ. ಮನೆಗೆ ಬಂದು ನನ್ನನ್ನು ಕರೆದಳು: "ತಮ್ಮಾ, ನೀ ಸಾಲಿ ಕಲ್ತಾಂವ, ಬಾ ನನ್ ಕೂಡ. ಬುಕ್ಕದಾಗ ಏನ್ ಬರದಾರ ಓದಿ ಹೇಳು."

ಹೋದೆವು. ದರದ ಪಟ್ಟಿ ಇರಬೇಕಾದ ಗೋಡೆಗೆ ಸುಣ್ಣ ಬಳಿದಿದ್ದರು. ಪುಸ್ತಕ ತೋರಿಸಿರೆಂದರೆ ಮೇಲ್ವಿಚಾರಕ, "ಆಯಿ, ಬುಕ್ಕ ಮಂದೀಗೆ ತೋರ್ಸಾಕ ಇಟ್ಟದ್ದಲ್ಲ" ಎಂದ. ಆಯಿ ಅಲ್ಲೇ ಬಾಗಿಲಲ್ಲಿ ಕುಳಿತುಬಿಟ್ಟಳು. "ಎಮ್ಮಿ ನಂದು, ರೊಕ್ಕಾ ನಂದು, ಬುಕ್ಕ ಅಷ್ಟ ನಿಂದೇನಪಾ?" ಎಂದಳು. ನಾಲ್ಕು ಜನ ಕೂಡಿದರು. ಪುಸ್ತಕ ಹೊರಗೆ ಬಂತು. ಎಮ್ಮೆ ಬಂದ ದಿನ ಅದರಲ್ಲಿ ಸರಿಯಾಗಿಯೇ ಬರೆದಿತ್ತು. ಎರಡು ದಿನದ ಹಣ ಕೊಟ್ಟು ಎಮ್ಮೆಯನ್ನು ಹೊಡೆದುಕೊಂಡು ಬಂದೆವು. ಆದರೆ ಒಳಗೆ ಹೋದಾಗ ಕಂಡದ್ದು ಬೇರೆಯೇ ಆಗಿತ್ತು. ನೀರಿನ ಬಾನಿ ಒಣಗಿತ್ತು. ನೆಲದ ಮೇಲೆ ಒಂದು ಕಣಿಕೆಯ ಚೂರೂ ಇರಲಿಲ್ಲ. ಎಮ್ಮೆಯ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಪುಸ್ತಕದಲ್ಲಿ ಮಾತ್ರ ಎರಡು ದಿನವೂ ಮೇವು ಹಾಕಿದ ಖರ್ಚು ನಮೂದಾಗಿತ್ತು.

ಈ ಸಣ್ಣ ಘಟನೆಯಲ್ಲಿ ನನ್ನ ಇಡೀ ಭಾಷಣದ ತಿರುಳಿದೆ. ಪುಸ್ತಕವನ್ನು ನೋಡದಿದ್ದರೆ ದಿನಗಳ ಮೋಸ ತಿಳಿಯುತ್ತಿರಲಿಲ್ಲ. ಒಳಗೆ ಕಾಲಿಡದಿದ್ದರೆ ಮೇವಿನ ಮೋಸ ತಿಳಿಯುತ್ತಿರಲಿಲ್ಲ. ಬರೆದದ್ದು ಸುಳ್ಳಾಗಬಹುದು, ಅದಕ್ಕೆ ಕಣ್ಣು ಬೇಕು. ಕಂಡದ್ದು ಮರೆತುಹೋಗಬಹುದು, ಅದಕ್ಕೆ ಬರಹ ಬೇಕು. ಕದ ಮತ್ತು ಕಡತ ಎರಡೂ ತೆರೆದಿರಬೇಕು. ಒಂದನ್ನು ಮಾತ್ರ ತೆರೆದು ತೋರಿಸುವುದು ಪೂರ್ತಿ ಮುಚ್ಚುವುದಕ್ಕಿಂತ ಹೆಚ್ಚು ಅಪಾಯಕರ. ಏಕೆಂದರೆ ಅದು ನೋಡಿದವನಲ್ಲಿ ಸುಳ್ಳು ಸಮಾಧಾನವನ್ನು ಹುಟ್ಟಿಸುತ್ತದೆ.

ಇದು ಇಂಗ್ಲಿಷರು ಬಂದ ಮೇಲೆ ಹುಟ್ಟಿದ ಜಾಣತನವೇನೂ ಅಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ತಾಳೆಯೋಲೆಯಿಂದ ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೋಅಧ್ಯಕ್ಷನೆಂಬ ಅಧಿಕಾರಿಗೆ ಒಂದು ಅಧ್ಯಾಯವೇ ಮೀಸಲಾಗಿದೆ. ಹಸುವಿನ ಮೇಲೆ ಹಾಕಿದ ಮುದ್ರೆ, ಹುಟ್ಟಿನಿಂದ ಬಂದ ಗುರುತು, ಬಣ್ಣ, ಕೊಂಬುಗಳ ನಡುವಿನ ಅಂತರ, ಇವೆಲ್ಲವನ್ನೂ ಬರೆದಿಡಬೇಕು. ಹಸು ಸತ್ತರೆ 'ಸತ್ತಿತು' ಎಂಬ ಮಾತು ಸಾಲದು. ಮುದ್ರೆಯಿರುವ ಚರ್ಮವನ್ನು ತಂದು ಒಪ್ಪಿಸಬೇಕು. ಸಾವಿಗೂ ಸಾಕ್ಷಿ ಬೇಕೆಂಬ ಈ ಮಾತು ಕಟುವಾಗಿ ಕೇಳಿಸಬಹುದು. ಆದರೆ ಸಾವಿಗೆ ಸಾಕ್ಷಿ ಕೇಳದ ಕಡೆ ಬದುಕಿಗೆ ಬೆಲೆ ಇರುವುದಿಲ್ಲ.

ಇನ್ನು ನಮ್ಮ ಕನ್ನಡದ್ದೇ ಒಂದು ಶಾಸನವನ್ನು ನೆನೆಯಬೇಕು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ, ಕ್ರಿ.ಶ. 949-50ರ ಕಲ್ಲು ಅದು; ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನಿಗೆ ಗಂಗರ ಬೂತುಗ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟರು. ಪೂಜೆಯನ್ನು ಮಾಡದೆ ಉಂಡರೆ ಪಾಪ ತಟ್ಟುವುದೆಂದು ಆ ಭೂಮಿಯನ್ನು ನೋಡಿಕೊಳ್ಳುವವನಿಗೆ ಎಚ್ಚರಿಕೆಯನ್ನೂ ಕಲ್ಲಿನಲ್ಲೇ ಕೆತ್ತಿಸಿದರು. ನಾಯಿಯ ಮೇಲಿನ ಪ್ರೀತಿಯನ್ನು ಎಲ್ಲರೂ ಗಮನಿಸುತ್ತಾರೆ. ನನಗೆ ಆ ಎಚ್ಚರಿಕೆಯ ಮಾತು ಹೆಚ್ಚು ಮುಖ್ಯವೆನ್ನಿಸುತ್ತದೆ. ಒಂದು ಪ್ರಾಣಿಯ ಹೆಸರಿನಲ್ಲಿ ಭೂಮಿಯನ್ನೋ ಹಣವನ್ನೋ ಕೊಟ್ಟಾಗ ಅದನ್ನು ಉಣ್ಣುವವನು ತನ್ನ ಕೆಲಸ ಮಾಡಬೇಕು. ಮಾಡದಿದ್ದರೆ ಏನೆಂಬುದು ಎಲ್ಲರೂ ಓದುವ ಜಾಗದಲ್ಲಿ ಬರೆದಿರಬೇಕು. ಸಾವಿರ ವರುಷಗಳ ಹಿಂದಿನ ಕನ್ನಡಿಗರಿಗೆ ಇದು ತಿಳಿದಿತ್ತು.

ಈಗ ಹಳೆಯ ಕೊಂಡವಾಡಕ್ಕೂ ಹೊಸ ಆಶ್ರಯಕೇಂದ್ರಕ್ಕೂ ಇರುವ ಒಂದು ದೊಡ್ಡ ವ್ಯತ್ಯಾಸವನ್ನು ಗಮನಿಸಬೇಕು. 1871ರ ಕಾಯಿದೆ ಜಾನುವಾರು ಎಂಬ ಮಾತಿಗೆ ಕೊಡುವ ಅರ್ಥದಲ್ಲಿ ಆನೆ ಇದೆ, ಒಂಟೆ ಇದೆ, ಕುದುರೆ, ಕತ್ತೆ, ಹಂದಿ, ಕುರಿ, ಆಡಿನ ಮರಿಯ ತನಕ ಎಲ್ಲವೂ ಇವೆ, ನಾಯಿ ಇಲ್ಲ. ಏಕಿಲ್ಲ? ಬೀದಿನಾಯಿಗೆ ಒಡೆಯನಿಲ್ಲ, ಸಂತೆಯಲ್ಲಿ ಬೆಲೆಯಿಲ್ಲ. ಕೊಂಡವಾಡದ ನಿಯಮಗಳಿಗೆಲ್ಲ ಪ್ರಾಣವಾಗಿದ್ದವನು ಒಡೆಯ. ಎಮ್ಮೆಗೆ ಬೆಲೆ ಇದ್ದುದರಿಂದ ಆಯಿ ಬಾಗಿಲಲ್ಲಿ ಕುಳಿತಳು. ಬೀದಿನಾಯಿಗಾಗಿ, ಹಾಲು ಬತ್ತಿದ ಮೇಲೆ ಹೆದ್ದಾರಿಗೆ ಬಿಟ್ಟ ಮುದಿ ಆಕಳಿಗಾಗಿ ಯಾರು ಬಂದು ಕುಳಿತಾರು? ಒಡೆಯನಿಲ್ಲದ ಪ್ರಾಣಿಯನ್ನು ಕೂಡಿಹಾಕಿದರೆ ಪುಸ್ತಕವನ್ನು ಕೇಳುವವರು ತಾವಾಗಿ ಇಲ್ಲವಾಗುತ್ತಾರೆ. ಆದ್ದರಿಂದಲೇ ಅಂಥ ಪ್ರಾಣಿಯ ವಿಷಯದಲ್ಲಿ ಊರೇ ಒಡೆಯನ ಸ್ಥಾನದಲ್ಲಿ ನಿಲ್ಲಬೇಕಾಗುತ್ತದೆ. ಅದಕ್ಕೆ ಹಾಕುವ ಮೇವಿನ ದುಡ್ಡು ಊರಿನದು. ಅದು ತಪ್ಪಿಸಿಕೊಂಡು ಬಂದು ಕಚ್ಚಿದರೆ ನೋವೂ ಊರಿನದೇ.

ನಮ್ಮ ಇತ್ತೀಚಿನ ನಿಯಮಗಳು ಈ ಸತ್ಯವನ್ನು ತಕ್ಕಮಟ್ಟಿಗೆ ಒಪ್ಪಿಕೊಂಡಿವೆ. ರುಕ್ಮಿಣೀದೇವಿ ಅರುಂಡೇಲರ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆ ಬಂತು. ಅದರ ಅಡಿಯಲ್ಲಿ 2001ರಲ್ಲಿ ನಾಯಿಗಳ ಸಂತಾನ ನಿಯಂತ್ರಣ ನಿಯಮಗಳು ಬಂದವು. ಅವುಗಳ ಜಾಗದಲ್ಲಿ 2023ರಲ್ಲಿ ಹೊಸ ನಿಯಮಗಳು ಬಂದವು. ಒಂದು ಓಣಿಯಲ್ಲಿ ನಾಯಿ ಹಿಡಿಯುವ ಮುನ್ನ ಧ್ವನಿವರ್ಧಕದಲ್ಲಿ ಸಾರಿ ತಿಳಿಸಬೇಕೆಂದು 2001ರ ನಿಯಮಗಳು ಹೇಳಿದ್ದವು. ಹಳೆಯ ಡಂಗುರವೇ ಹೊಸ ವೇಷದಲ್ಲಿ ಬಂದಂತೆ! ಹಿಡಿದ ನಾಯಿಗೆ ಸಂಖ್ಯೆಯಿರುವ ಕೊರಳಪಟ್ಟಿ ಹಾಕಬೇಕು, ಎಲ್ಲಿ ಹಿಡಿದದ್ದೆಂದು ಬರೆಯಬೇಕು, ಮರಳಿ ಬಿಟ್ಟುದನ್ನೂ ಬರೆಯಬೇಕು. ಸ್ಥಳೀಯ ಸಂಸ್ಥೆಯ ಮುಖ್ಯಾಧಿಕಾರಿ, ಆರೋಗ್ಯ ಮತ್ತು ಪಶುವೈದ್ಯ ಇಲಾಖೆಯವರು, ಪ್ರಾಣಿದಯಾ ಸಂಸ್ಥೆಗಳ ಪ್ರತಿನಿಧಿಗಳು ಕೂಡಿದ ಒಂದು ಉಸ್ತುವಾರಿ ಸಮಿತಿ ಇರಬೇಕು. ಚಿಕಿತ್ಸೆಯ ಕೆಲಸಕ್ಕೆ ಹಣ ಕೊಡುವುದು ಸಾಮಾನ್ಯವಾಗಿ ಒಂದು ನಾಯಿಗೆ ಇಷ್ಟೆಂಬ ಲೆಕ್ಕದಲ್ಲಿ. ಆದುದರಿಂದ ಶಸ್ತ್ರಕ್ರಿಯೆಯಲ್ಲಿ ತೆಗೆದ ಅಂಗಗಳನ್ನು ಎಣಿಸಿ ತಾಳೆ ನೋಡುವ ಪದ್ಧತಿಯೂ ಇದೆ. ಕೌಟಿಲ್ಯ ಮುದ್ರೆಯ ಚರ್ಮವನ್ನು ಕೇಳಿದ್ದೂ ಇದೇ ಅನುಮಾನದಿಂದ.

ಹಾಗಾದರೆ ಕೊರತೆ ಎಲ್ಲಿದೆ? ಈ ನಿಯಮಗಳಲ್ಲಿ ಲೆಕ್ಕ ಮೇಲಕ್ಕೆ ಹರಿಯುತ್ತದೆ: ಕೆಲಸಗಾರನಿಂದ ವೈದ್ಯನಿಗೆ, ವೈದ್ಯನಿಂದ ಸಮಿತಿಗೆ, ಸಮಿತಿಯಿಂದ ಮಂಡಳಿಗೆ. ಪಕ್ಕಕ್ಕೆ, ಅಂದರೆ ಅದೇ ಊರಿನ ಜನರ ಕಡೆಗೆ, ಅದು ಹರಿಯುವುದು ತೀರ ಕಡಿಮೆ. ತಮ್ಮ ಊರಿನಲ್ಲಿ ಇಂಥದೊಂದು ಸಮಿತಿ ಇರಬೇಕೆಂಬುದು ಈ ಭಾಷಣವನ್ನು ಕೇಳುತ್ತಿರುವವರಲ್ಲಿ ಎಷ್ಟು ಜನರಿಗೆ ಗೊತ್ತಿದೆ? ಅದರ ಸಭೆಯ ನಡಾವಳಿಯನ್ನು ಯಾರು ಓದಿದ್ದಾರೆ? ಕೊಂಡವಾಡದ ಪಟ್ಟಿ ಮೇಲಧಿಕಾರಿಗಾಗಿ ಬರೆದದ್ದಲ್ಲ. ದಾರಿಹೋಕನಿಗಾಗಿ ಗೋಡೆಯ ಮೇಲೆ ಬರೆದದ್ದು.

ಗೋಶಾಲೆಗಳ ವಿಷಯಕ್ಕೆ ಬರೋಣ. ಬರ ಬಿದ್ದ ವರುಷಗಳಲ್ಲಿ ನಮ್ಮ ರಾಜ್ಯದಲ್ಲಿ ಸರಕಾರವೇ ಗೋಶಾಲೆ, ಮೇವಿನ ಬ್ಯಾಂಕುಗಳನ್ನು ತೆರೆದಿದೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಬಂದಾಗ ರಾಯಬಾಗ, ಚಿಕ್ಕೋಡಿ, ಅಥಣಿ ಭಾಗದ ನದಿದಂಡೆಯ ಜನ ದನಕರುಗಳೊಡನೆ ಎತ್ತರದ ಜಾಗ ಸೇರಿದರು. ಆಗಿನ ಆಸರೆಗಳಲ್ಲಿ ಒಂದು ಗುಣವಿತ್ತು. ರೈತ ತನ್ನ ದನದ ಪಕ್ಕದಲ್ಲೇ ಮಲಗುತ್ತಿದ್ದ. ಮೇವು ಬಂತೋ ಇಲ್ಲವೋ ಎಂಬುದನ್ನು ಯಾರೂ ಮುಚ್ಚಿಡುವಂತಿರಲಿಲ್ಲ. ಬಿಡಾಡಿ ದನಗಳ ಗೋಶಾಲೆಯಲ್ಲಿ ಹಾಗೆ ಪಕ್ಕದಲ್ಲಿ ಮಲಗುವವರಿಲ್ಲ. 2022ರಲ್ಲಿ ರಾಜ್ಯ ಸರಕಾರ ಪುಣ್ಯಕೋಟಿ ದತ್ತು ಯೋಜನೆಯನ್ನು ತಂದು, ವರುಷಕ್ಕೆ 11,000 ರೂಪಾಯಿ ಕೊಟ್ಟು ಗೋಶಾಲೆಯ ಒಂದು ರಾಸನ್ನು ದತ್ತು ತೆಗೆದುಕೊಳ್ಳಬಹುದೆಂದು ಕರೆಕೊಟ್ಟಿತು. ದತ್ತು ಎಂಬುದು ದೊಡ್ಡ ಮಾತು. ದತ್ತು ತೆಗೆದುಕೊಂಡವನಿಗೆ ಮಗುವಿನ ಮುಖ ನೋಡುವ ಹಕ್ಕಿದೆಯಲ್ಲವೆ? ನಿಜ ಹೇಳುವುದಾದರೆ ದುಡ್ಡು ಕೊಡದವನಿಗೂ ಆ ಹಕ್ಕಿದೆ. ತೆರಿಗೆಯ ರೂಪದಲ್ಲಿ ಅವನೂ ಕೊಟ್ಟೇ ಇದ್ದಾನೆ.

ನಮ್ಮ ತಾಲೂಕಿನ ಚಿಂಚಲಿಯ ಮಾಯಕ್ಕನ ಜಾತ್ರೆಯ ದನದ ಪೇಟೆಯನ್ನು ನೋಡಿದವರಿಗೆ ದಲಾಲಿಗಳ ವ್ಯಾಪಾರದ ರೀತಿ ಗೊತ್ತು. ಕೈಗಳ ಮೇಲೆ ವಸ್ತ್ರ ಮುಚ್ಚಿ, ಒಳಗೆ ಬೆರಳು ಹಿಡಿದು ಬೆಲೆ ಕಟ್ಟುತ್ತಾರೆ. ಪಕ್ಕದಲ್ಲಿ ನಿಂತವನಿಗೆ ಸುಳಿವು ಹತ್ತುವುದಿಲ್ಲ. ಅದರಲ್ಲಿ ತಪ್ಪೇನಿಲ್ಲ. ಕೊಳ್ಳುವವನ ದುಡ್ಡು ಅವನದು, ಮಾರುವವನ ಎತ್ತು ಅವನದು. ಆದರೆ ಊರಿನ ದುಡ್ಡಿನಿಂದ ನಡೆಯುವ ವ್ಯವಹಾರಕ್ಕೆ ವಸ್ತ್ರದ ಮರೆ ಸಲ್ಲದು.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆಶ್ರಯಕೇಂದ್ರ ಜಾತ್ರೆಯ ಬಯಲಲ್ಲ. 2022ರಲ್ಲಿ ಚರ್ಮಗಂಟು ರೋಗ ಬಂದು ನಮ್ಮ ರಾಜ್ಯದಲ್ಲಿ ಎಷ್ಟೋ ರಾಸುಗಳು ಸತ್ತವು. ರೋಗದ ಪ್ರಾಣಿಯ ಬಳಿಗೆ ಕಂಡವರೆಲ್ಲ ಹೋಗಿಬಂದರೆ ಅಪಾಯವಿದೆ. ಹುಚ್ಚಿನ ಶಂಕೆಯಿರುವ ನಾಯಿಯ ಗೂಡಿನ ಮುಂದೆ ಮಕ್ಕಳನ್ನು ನಿಲ್ಲಿಸುವಂತಿಲ್ಲ. ಶಸ್ತ್ರಕ್ರಿಯೆಯಾದ ಪ್ರಾಣಿಗೆ ಗದ್ದಲ ಆಗದು. ಅಲ್ಲಿ ದುಡಿಯುವವರೂ ನಮ್ಮಂಥ ಮನುಷ್ಯರೇ. ಕಡಿಮೆ ಸಂಬಳಕ್ಕೆ ಕಡಿತದ ಭಯದಲ್ಲಿ ಕೆಲಸ ಮಾಡುವ ಅವರ ಮೇಲೆ ಬಂದವರೆಲ್ಲ ರೇಗಾಡತೊಡಗಿದರೆ ಒಳ್ಳೆಯ ಕೆಲಸಗಾರ ಉಳಿಯಲಾರ. ಎಲ್ಲವೂ ನಿಜ. ಆದರೆ ಆಸ್ಪತ್ರೆಗಳಲ್ಲೂ ರೋಗವಿದೆ, ಶಸ್ತ್ರಕ್ರಿಯೆಯಿದೆ. ಅಲ್ಲಿ ನಾವು ಬಾಗಿಲನ್ನೇ ಮುಚ್ಚಲಿಲ್ಲ, ಭೇಟಿಯ ಹೊತ್ತನ್ನು ಗೊತ್ತುಮಾಡಿದೆವು. ಬೇಲಿ ಬೇಕಾದಲ್ಲಿ ಬೇಲಿ ಇರಲಿ. ಬೇಲಿಯ ಹೆಸರಿನಲ್ಲಿ ಕತ್ತಲೆ ಬೇಡ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1998ರಲ್ಲಿ ಮಾಡಿದ ಹೇಡನ್ ಕಾಯಿದೆಯಲ್ಲಿ ಒಂದು ಜಾಣ ಏರ್ಪಾಡಿದೆ. ಹಿಡಿದು ತಂದ ನಾಯಿಯನ್ನು ಒಡೆಯನಿಗಾಗಿ ಕೆಲಸದ ಆರು ದಿನ ಕಾದಿಡಬೇಕು. ಆದರೆ ಆಶ್ರಯಕೇಂದ್ರ ವಾರದ ಒಂದು ದಿನ ಸಂಜೆ ಏಳರವರೆಗೆ, ಅಥವಾ ವಾರಾಂತ್ಯದ ಒಂದು ದಿನ ಜನರಿಗೆ ತೆರೆದಿದ್ದರೆ ನಾಲ್ಕು ದಿನ ಸಾಕು. ದುಡಿಯುವವನು ತನ್ನ ನಾಯಿಯನ್ನು ಹುಡುಕಿಕೊಂಡು ಬರುವುದು ಕೆಲಸ ಮುಗಿದ ಮೇಲೆಯೇ ಅಲ್ಲವೆ? ಬಾಗಿಲು ತೆರೆದಷ್ಟೂ ಸಂಸ್ಥೆಯ ಹೊರೆ ಇಳಿಯುವಂತೆ ಅವರು ಹೊಂದಿಸಿದರು. ಪ್ರತಿ ಪ್ರಾಣಿಯ ದಾಖಲೆಯನ್ನು ಮೂರು ವರುಷ ಇಡಬೇಕೆಂದೂ ಹೇಳಿದರು. ಹಣದ ಅಡಚಣೆಯಿಂದ ಅದರ ಕೆಲವು ಭಾಗಗಳನ್ನು ಆ ರಾಜ್ಯ ಮುಂದೆ ತಡೆಹಿಡಿಯಿತು. ಆದರೂ ತೆರೆದ ಬಾಗಿಲು ಸಂಸ್ಥೆಗೇ ಲಾಭಕರ ಎಂಬ ಅದರ ವಿಚಾರ ನಮಗೂ ಹೊಂದುತ್ತದೆ.

ನಮ್ಮಲ್ಲಿ ಆಯುಧವೇ ಇಲ್ಲವೆಂದಲ್ಲ. 2005ರ ಮಾಹಿತಿ ಹಕ್ಕು ಕಾಯಿದೆ ಕಾಗದದ ನಕಲು ಪಡೆಯುವ ಹಕ್ಕನ್ನಷ್ಟೇ ಕೊಟ್ಟಿದೆಯೆಂದು ಬಹಳ ಜನ ತಿಳಿದಿದ್ದಾರೆ. ಸಾರ್ವಜನಿಕ ಸಂಸ್ಥೆಯ ಕೆಲಸವನ್ನೂ ದಾಖಲೆಗಳನ್ನೂ ಕಣ್ಣಾರೆ ಪರಿಶೀಲಿಸುವ ಹಕ್ಕೂ ಅದರಲ್ಲಿದೆ. ಸರಕಾರದ ಹಣದಿಂದ ಗಣನೀಯವಾಗಿ ನಡೆಯುವ ಖಾಸಗಿ ಸಂಸ್ಥೆಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಯಾರೂ ಕೇಳದಿದ್ದರೂ ತಾವಾಗಿಯೇ ಪ್ರಕಟಿಸಬೇಕಾದ ಸಂಗತಿಗಳ ಪಟ್ಟಿಯನ್ನೂ ಅದು ಕೊಟ್ಟಿದೆ. ಆದರೆ ಅರ್ಜಿಗೆ ಉತ್ತರ ಬರಲು ಮೂವತ್ತು ದಿನಗಳ ಅವಕಾಶವಿದೆ. ಹಸಿದ ಪ್ರಾಣಿಯ ಆಯುಷ್ಯದಲ್ಲಿ ಮೂವತ್ತು ದಿನ ಬಹಳ ದೀರ್ಘ. ಆದ್ದರಿಂದ ಅರ್ಜಿ ಹಾಕುವ ಮುನ್ನವೇ ಗೋಡೆಯ ಮೇಲೆ ಉತ್ತರವಿರಬೇಕು.

ಏನಿರಬೇಕು ಆ ಗೋಡೆಯ ಮೇಲೆ? ನನಗೆ ತೋರುವುದನ್ನು ಸರಳವಾಗಿ ಹೇಳುತ್ತೇನೆ. ಮೊದಲನೆಯದು, ದಿನಕ್ಕೊಮ್ಮೆ ಬರೆಯುವ ಕರಿಹಲಗೆ: ಇಂದು ಬಂದವು ಎಷ್ಟು, ಬಿಟ್ಟವು ಎಷ್ಟು, ಸತ್ತವು ಎಷ್ಟು, ಉಳಿದವು ಎಷ್ಟು. ಶಾಲೆಯ ಬಾಗಿಲಲ್ಲಿ ಹಾಜರಿ ಬರೆಯುವಷ್ಟೇ ಸುಲಭ. ಎರಡನೆಯದು, ಪ್ರತಿ ಪ್ರಾಣಿಗೂ ಒಂದು ಸಂಖ್ಯೆ, ಆ ಸಂಖ್ಯೆಯ ಕೆಳಗೆ ಎಲ್ಲಿ, ಎಂದು, ಯಾರು ಹಿಡಿದರು ಎಂಬ ಬರಹ. ಕೇಳಿದವರಿಗೆ ಅಲ್ಲಿಯೇ ಅದನ್ನು ತೋರಿಸುವ ವ್ಯವಸ್ಥೆ. ಮೂರನೆಯದು, ವಾರದಲ್ಲಿ ಗೊತ್ತಾದ ಹೊತ್ತು. ನಮ್ಮ ಕಡೆ ಸಂತೆಯ ದಿನವಾದರೆ ಹಳ್ಳಿಯವರಿಗೂ ಅನುಕೂಲ. ನಾಲ್ಕನೆಯದು, ಸತ್ತ ಪ್ರತಿಯೊಂದು ಪ್ರಾಣಿಗೂ ವೈದ್ಯರು ಬರೆದ ಕಾರಣ. ಐದನೆಯದು, ಮೇವು, ಔಷಧಿ ಪೂರೈಸುವವನಿಗೂ ಉಸ್ತುವಾರಿ ಮಾಡುವವನಿಗೂ ಸಂಬಂಧವಿರಬಾರದೆಂಬ ಕಟ್ಟುನಿಟ್ಟು. ಮೇಲ್ವಿಚಾರಕ ಹರಾಜಿನಲ್ಲಿ ಕೊಳ್ಳಕೂಡದೆಂದು 1871ರಲ್ಲೇ ಹೇಳಿದ್ದರ ತಾತ್ಪರ್ಯ ಇದೇ.

ಇವುಗಳಲ್ಲಿ ಒಂದಕ್ಕೂ ದೊಡ್ಡ ಖರ್ಚಿಲ್ಲ. ಸರ್ವೋಚ್ಚ ನ್ಯಾಯಾಲಯ 2025ರ ಆಗಸ್ಟಿನ ಮೊದಲ ಆದೇಶದಲ್ಲಿ ಕ್ಯಾಮರಾಗಳ ಮಾತನ್ನೂ ಆಡಿತ್ತು. ಕ್ಯಾಮರಾ ಬರಲಿ, ಬೇಡವೆನ್ನುವುದಿಲ್ಲ. ಆದರೆ ಕ್ಯಾಮರಾ ಕಂಡದ್ದನ್ನು ನೋಡುವವರು ಯಾರೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಒಳಗಿನವರೇ ಇಟ್ಟು ಒಳಗಿನವರೇ ನೋಡುವ ಕ್ಯಾಮರಾ ಇನ್ನೊಂದು ಮುಚ್ಚಿದ ಪುಸ್ತಕ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಜಮಾಬಂದಿ ಎಂಬ ಏರ್ಪಾಡಿದೆ. ಆ ವರುಷದ ಕಾಮಗಾರಿಗಳನ್ನೂ ಲೆಕ್ಕಪತ್ರಗಳನ್ನೂ ಜನರ ಎದುರಿನಲ್ಲಿ ತಪಾಸಣೆ ಮಾಡುತ್ತಾರೆ. ಚರಂಡಿಯ ಉದ್ದವನ್ನು ಟೇಪು ಹಿಡಿದು ಅಳೆಯಬಹುದಾದರೆ ಗೋಶಾಲೆಯ ರಾಸುಗಳ ತಲೆಯನ್ನು ಎಣಿಸಬಾರದೇಕೆ? ಗ್ರಾಮಸಭೆಯಲ್ಲಿ ಆ ಪುಸ್ತಕವನ್ನು ಗಟ್ಟಿಯಾಗಿ ಓದಬಾರದೇಕೆ?

ಕೊನೆಯದಾಗಿ, ಈ ಹೊಣೆ ಅಧಿಕಾರಿಗಳದು ಮಾತ್ರವಲ್ಲವೆಂದು ಹೇಳಲೇಬೇಕು. ಬಾಗಿಲು ತೆರೆದಿದ್ದೂ ಯಾರೂ ಹೋಗದಿದ್ದರೆ ಅದು ಮುಚ್ಚಿದ ಬಾಗಿಲೇ. ನಾಯಿಯ ಮೇಲೆ ಮಮತೆಯಿರುವವರು ಮಾತ್ರ ಹೋಗಬೇಕೆಂದೂ ಇಲ್ಲ. ನಾಯಿ ಬೀದಿಯಲ್ಲಿರಬಾರದೆಂದು ಅರ್ಜಿ ಕೊಟ್ಟವರೇ ಮೊದಲು ಹೋಗಬೇಕು. ಅವರ ಮಾತಿನಂತೆಯೇ ಆ ಪ್ರಾಣಿ ಒಳಗೆ ಹೋಗಿದೆ. ಅದು ಲಸಿಕೆ ಕಂಡಿತೆ, ನೀರು ಕಂಡಿತೆ, ಇಲ್ಲವೇ ಗೋಡೆಯ ಹಿಂದೆ ಸದ್ದಿಲ್ಲದೆ ಸತ್ತು ಲೆಕ್ಕದಲ್ಲಿ ಮಾತ್ರ ಜೀವಂತವಾಗಿದೆಯೆ ಎಂದು ನೋಡುವ ಕರ್ತವ್ಯ ಅವರದೂ ಹೌದು. ದಯೆಯನ್ನು ಕಾಯಿದೆಯಿಂದ ಹುಟ್ಟಿಸಲಾಗದು. ಆದರೆ ನೋಡುವ ಅಭ್ಯಾಸವನ್ನು ಹುಟ್ಟಿಸಬಹುದು. ತನ್ನ ಪರವಾಗಿ ಒಂದು ಮಾತನ್ನೂ ಆಡಲಾರದ ಜೀವವನ್ನು ಊರಿನ ಹೆಸರಿನಲ್ಲಿ ಕೂಡಿಹಾಕಿದ ಮೇಲೆ, ಅದರ ಪರವಾಗಿ ಆಗಾಗ ಬಾಗಿಲು ತಟ್ಟಿ ಪುಸ್ತಕ ಕೇಳುವುದು ಊರಿನ ಪಾಲಿನ ಕೆಲಸ. ಕೇಳಿದರೆ ತೋರಿಸುವುದು ಸಂಸ್ಥೆಯ ಪಾಲಿನ ಕೆಲಸ.